ಇಪ್ಪತ್ಮೂರನೆಯ ಚಿತ್ರದ ಬೆನ್ನು

೧೪ ಮಾರ್ಚ್, ಗುರುವಾರ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಲೈಬ್ರರಿಯ ಬೀಗ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೇಜಿನ ಮೇಲೆ ಬೋರಲು ಇಟ್ಟಿದ್ದ ಇಪ್ಪತ್ಮೂರನೆಯ ಚಿತ್ರ. ಅದರ ಬೆನ್ನಿಗೆ ಅಂಟಿಸಿದ್ದ ಕಂದು ಕಾಗದದ ಒಂದು ಮೂಲೆ ತಾನಾಗಿ ಬಿಟ್ಟುಕೊಂಡಿತ್ತು. ಬೆರಳಿನಿಂದ ಒತ್ತಿದೆ. ಮತ್ತೆ ಎದ್ದಿತು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಕೆಲಸ ಜಾಸ್ತಿ ಇತ್ತು ಎಂದು ಸುಳ್ಳು ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಹರಿದು ಹಾಕಿದೆ.

ಸೋರುವ ತಾರಸಿಯ ರಿಪೇರಿಗೆಂದು ನಮ್ಮ ಲೈಬ್ರರಿಯಲ್ಲಿ ಚಿತ್ರ ಮಾರುತ್ತಿದ್ದೇವೆ ಎಂದಿದ್ದೆನಲ್ಲ, ಅರ್ಧಕ್ಕಿಂತ ಹೆಚ್ಚು ಹೋಗಿವೆ. ಎಲ್ಲವೂ ಅಂಗೈಯಗಲ, ಎಲ್ಲಕ್ಕೂ ಒಂದೇ ಬೆಲೆ, ಒಂದು ಜೊತೆ ಚಪ್ಪಲಿಗಿಂತ ಕಡಿಮೆ. ಹೆಸರಾದ ಕಲಾವಿದರೂ ಬಿಡಿಸಿಕೊಟ್ಟಿದ್ದಾರೆ, ಎದುರು ಅಂಗಡಿಯ ದರ್ಜಿಯೂ ಕೊಟ್ಟಿದ್ದಾನೆ. ಯಾವುದು ಯಾರದ್ದೆಂದು ಮುಂದಿನಿಂದ ತಿಳಿಯುವುದಿಲ್ಲ. ಹೆಸರು, ಜೊತೆಗೆ ಯಾಕೆ ಬಿಡಿಸಿದೆ ಎಂಬ ಒಂದು ಸಾಲು, ಎರಡೂ ಬೆನ್ನಿನಲ್ಲಿ. ಅದರ ಮೇಲೆ ಕಂದು ಕಾಗದ. ಕೊಂಡವರು ಮನೆಗೆ ಒಯ್ದು ಹರಿದು ನೋಡಬೇಕು.

ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಮೂರು ದಿನ ಬಂದು, "ದೊಡ್ಡೋರದ್ದು ಯಾವ್ದು, ಕಣ್ಸನ್ನೇಲಾದ್ರೂ ಹೇಳಮ್ಮ" ಎಂದು ಕಾಡಿದರು.

"ನಂಗೂ ಗೊತ್ತಿಲ್ಲ ಸಾರ್."

"ಮತ್ತೆ ನೀನ್ಯಾಕಮ್ಮ ಇಲ್ಲಿ ಕೂತಿದ್ದೀಯ?"

ಕೊನೆಗೆ ಒಂದು ಹಸುವಿನ ಚಿತ್ರ ಕೊಂಡರು. "ಯಾರದ್ದಾದ್ರೂ ಆಗ್ಲಿ. ಇದರ ಮುಖ ಟಿಕೆಟ್ ತಗೊಳ್ದೆ ಕೂತೋರ ಥರಾನೇ ಇದೆ!" ಎಷ್ಟೋ ದಿನಗಳ ಮೇಲೆ ನಕ್ಕೆ.

ಚಿತ್ರಗಳ ಫೋಟೋ ಇರುವ ಪಟ್ಟಿಯನ್ನು ಎಲ್ಲರಿಗೂ ಕಳಿಸುವಾಗ ನಿನಗೂ ಕಳಿಸಿದೆ. ಹೂವಿನದ್ದೇನಾದರೂ ಆರಿಸುತ್ತೀಯ ಎಂದುಕೊಂಡಿದ್ದೆ. ನೀನು ಬರೆದೆ: "ಇಪ್ಪತ್ಮೂರು ನಂಗೆ ಇಟ್ಟಿರು ಕಣೇ. ಆ ಮುಚ್ಚಿದ ಬಾಗಿಲಿನ ಚಿಲಕ ನಮ್ಮನೇದರ ಹಾಗೇ ಇದೆ. ಬಿಡಿಸಿದೋರು ಯಾರೋ ನನ್ನ ಥರಾನೇ ಒಳಗೆ ಕೂತು ಅತ್ತೋರು. ಹೆಸರು ಹೇಳು, ಅವರಿಗೊಂದು ಕಾಗದ ಬರೀತೀನಿ."

ಅಕ್ಕಾ, ಆ ಚಿತ್ರವನ್ನು ಇನ್ನೊಂದು ಸಲ ನೋಡು. ಒಳಗಿದ್ದವರಿಗೆ ಆ ಚಿಲಕ ಕಾಣುವುದಿಲ್ಲ.

ಬಿಡಿಸಿದ್ದು ನಾನು. ಯಾರೂ ಕೊಳ್ಳುವುದಿಲ್ಲ ಎಂಬ ಧೈರ್ಯದಲ್ಲಿ ಬೆನ್ನಿಗೆ ನಿಜವನ್ನೇ ಬರೆದುಬಿಟ್ಟೆ. ಇದೆಲ್ಲವನ್ನೂ ನೋಡಿಕೊಳ್ಳುವ ಡ್ರಾಯಿಂಗ್ ಮೇಷ್ಟ್ರು ಈಗ ತಾನೇ ಬಂದು, "ಅಂಟು ಬಿಟ್ಟಿದ್ಯಲ್ಲಮ್ಮ, ಬೇರೆ ಬೆನ್ನು ಹಾಕ್ಬಿಡು" ಎಂದು ಹೊಸ ರಟ್ಟು, ಗೋಂದು ಕೊಟ್ಟರು. ಬೇರೆ ಏನಾದರೂ ಒಂದು ಸಾಲು ಬರೆದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ರಟ್ಟನ್ನು ಅಳತೆಗೆ ಕತ್ತರಿಸಿಯೂ ಆಯಿತು. ಮೇಷ್ಟ್ರಿಗೆ ಮುಖ ಕಾಣಬಾರದೆಂದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಭಾವನಿಗೆ ನನ್ನ ನೆನಪು ಹೇಳು. ಪಾಪುವಿನ ಕೆಮ್ಮು ಬೇಗ ವಾಸಿಯಾಗಲಿ. ನನ್ನ ಮೇಲೆ ಎಷ್ಟೇ ಸಿಟ್ಟು ಬಂದರೂ ನೀನು ತಣ್ಣಗಿರು.

ನಿನ್ನ
ಬಾಲ

ತಾ.ಕ.: ಹೋದಲ್ಲೆಲ್ಲ ಹಿಂದೆ ಬರುತ್ತೇನೆಂದು ಈ ಹೆಸರಿಟ್ಟವಳು ನೀನೇ. ಚಿತ್ರಕಲಾ ಶಾಲೆಯ ಪರೀಕ್ಷೆಯ ದಿನ ನಿನ್ನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದವಳು ನಾನು. ನನಗಾಗ ಹತ್ತು ವರ್ಷ. ನೀನು ಪಾಸಾದರೆ ಹಾಸ್ಟೆಲಿಗೆ ಹೋಗುತ್ತೀಯ, ಬಾಲ ಒಂದೇ ಉಳಿಯುತ್ತದೆ ಎಂದು ಹೆದರಿಕೆ. ಆ ಶಾಲೆ ಬೇಡವೆಂದು ಹಟ ಹಿಡಿದಿದ್ದವರು ಅಪ್ಪ. ಅದಕ್ಕೇ ಅವರು "ನಾನಲ್ಲ ಕಣೇ" ಎಂದಾಗ ನೀನು ನಂಬಲಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಸಾಯುವವರೆಗೂ ಆ ವಿಷಯಕ್ಕೆ ಬಾಯಿ ಬಿಡಲಿಲ್ಲ. ನೀನೂ ಅವರನ್ನು ಮಾತಾಡಿಸಲಿಲ್ಲ.

ಬೆನ್ನು ಬದಲಾಯಿಸಿಲ್ಲ. ಚಿತ್ರವನ್ನು ಅಂಚೆಗೂ ಹಾಕುವುದಿಲ್ಲ. ಮುಂದಿನ ಭಾನುವಾರ ನಾನೇ ತರುತ್ತೇನೆ. ಈ ಸಲ ಚಿಲಕ ನಿನ್ನ ಕಡೆ ಇರುತ್ತದೆ.