ಚಿತ್ರಾಳ ಮಳೆ ಪುಸ್ತಕ

ಎಸ್ಟೇಟ್ ಲೈನ್, ಮೂರ್ನಾಡು ಹತ್ತಿರ
ಜೂನ್ ೨೪

ಶರಣ್ಯಾ ಟೀಚರಿಗೆ ಚಿತ್ರಾಳ ಅಮ್ಮನ ನಮಸ್ಕಾರ.

ಮಡಿಕೇರಿಯ ವಿಜ್ಞಾನ ಮೇಳದ ಪಟ್ಟಿಯಿಂದ ಚಿತ್ರಾಳ ಹೆಸರು ತೆಗೆದುಬಿಡಿ. ಜ್ವರ ಅಂತ ಬರೆದುಕೊಳ್ಳಿ.

ನೀವು ಒಳ್ಳೆಯದಕ್ಕೇ ಹೇಳಿದ್ದು, ಗೊತ್ತು. ಆದರೆ ಶಾಲೆಗೆ ಬಂದ ನಮ್ಮ ಸಾಹುಕಾರರ ಮುಂದೆ, "ನಿಮ್ಮ ಎಸ್ಟೇಟಿನ ಮಳೆಮಾಪಕ ಮರದಡಿ ಇದೆ, ಅದಕ್ಕೇ ಮಳೆ ಕಡಿಮೆ ತೋರಿಸ್ತದೆ ಅಂತ ನಮ್ಮ ಏಳನೇ ಕ್ಲಾಸಿನ ಹುಡುಗಿ ಕಂಡುಹಿಡಿದಳು" ಅಂದಿರಿ. ಮಳೆ ಅಳೆಯುವುದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೆಲಸ. ನಮ್ಮಂಥ ಕೂಲಿಯವರಿಗೆ ಲೈನ್ ಮನೆ ಕೊಡುವುದೂ ಬಿಡಿಸುವುದೂ ಅವರೇ. ಮರುದಿನವೇ ಬಂದು, "ಮಗಳು ಅಷ್ಟು ಜಾಣೆಯಾದರೆ ಬೇರೆ ಮನೆ ನೋಡಿಕೊಳ್ಳಿ" ಅಂದರು. ಮಾಪಕ ಇನ್ನೂ ಮರದಡಿಯೇ ಇದೆ. ಚಿತ್ರಾ ಮಳೆ ಅಳೆಯುತ್ತಿದ್ದ ಬಾಟಲಿಯನ್ನು ಅವಳ ಅಪ್ಪ ಒಡೆದುಹಾಕಿದರು. ಅವಳು ಅಳಲಿಲ್ಲ. ಚೂರು ಗುಡಿಸಿ, ಸ್ಕೇಲು ತಂದು ನನ್ನ ಕೈಗೆ ಕೊಟ್ಟಳು.

ಅವಳ ಮಳೆ ಪುಸ್ತಕ ನಿಮ್ಮ ಹತ್ತಿರವೇ ಇರಲಿ, ಮನೆಗೆ ಕಳಿಸಬೇಡಿ. ಯಾರ ಮುಂದೆಯೂ ಅವಳನ್ನು ಹೊಗಳಬೇಡಿ. ಲೆಕ್ಕ ಮಾತ್ರ ಕಷ್ಟದ್ದೇ ಕೊಡಿ.

ಬಚ್ಚಲ ಹಿಂದೆ, ಮರವಿಲ್ಲದ ಕಡೆ, ನಾನೊಂದು ಬಾಟಲಿ ಇಟ್ಟಿದ್ದೇನೆ. ಅವಳು ಕಲಿಸಿದ ಹಾಗೆ ಬುಡವೂ ಬಾಯಿಯೂ ಒಂದೇ ಅಗಲದ್ದು. ಅವಳ ಅಪ್ಪನಿಗೆ ಗೊತ್ತಿಲ್ಲ. ದಿನಾ ಚೀಟಿ ಬರೆದು ಅವಳ ಕೈಯಲ್ಲಿ ಕಳಿಸುತ್ತೇನೆ, ಪುಸ್ತಕದಲ್ಲಿ ಅವಳಿಂದಲೇ ಬರೆಸಿ.

ಇವತ್ತು ಒಂದೂಕಾಲು ಇಂಚು. ರೈಟರು ಸಾಹುಕಾರರಿಗೆ ಫೋನಿನಲ್ಲಿ ಒಂದೇ ಇಂಚು ಅಂದರು. ನಾನು ಅಲ್ಲೇ ಎಸ್ಟೇಟ್ ಆಫೀಸಿನ ಜಗುಲಿ ಗುಡಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಚಿತ್ರಾಳ ಅಮ್ಮ,
ಜವರಿ