ಫ್ರಾಂಕ್‌ಫರ್ಟ್ ಮುಟ್ಟದ ಕೂಗು

ಹೋಮಾ ಬೇ,
ಜೂನ್ 14, ಶುಕ್ರವಾರ

ಪ್ರೀತಿಯ ಮಗಳು ಅಕೋತ್‌ಗೆ,

ನಿನ್ನ ಉಬ್ಬಸ ಹೇಗಿದೆ? ಕಿಗಾಲಿಯಲ್ಲಿ ಬೆಳಗಿನ ಚಳಿ ಹೆಚ್ಚಂತೆ, ಎದೆಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ನನ್ನ ಮಂಡಿ ಇದ್ದ ಹಾಗೇ ಇದೆ. ನಿನ್ನ ತಂಗಿ ಅವೂರ್ ಏಳುತ್ತಾಳೆ, ಸ್ನಾನ ಮಾಡುತ್ತಾಳೆ, ಬಡಿಸಿದ ಉಗಾಲಿ ಮುದ್ದೆಯಲ್ಲಿ ಅರ್ಧ ತಿಂದು ತಟ್ಟೆ ಸರಿಸುತ್ತಾಳೆ. ಹಾಲು ಕಟ್ಟಿಕೊಂಡು ಮೂರು ದಿನ ಜ್ವರ ಬಂದಿತ್ತು. ಎಲೆಕೋಸಿನ ಎಲೆ ಕಟ್ಟಿದೆ, ಈಗ ಇಳಿದಿದೆ. ಮಗುವನ್ನು ಮಣ್ಣು ಮಾಡಿ ಹದಿನೇಳು ದಿನವಾಯಿತು. ನಾನು ಇನ್ನೂ ಅವಳ ಮನೆಯಲ್ಲೇ ಇದ್ದೇನೆ. ಕಾಗದ ಯಾಕೆ ಬರೆದಳಪ್ಪಾ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ಹೇಳಲು ಎರಡು ಸಲ ಹೊರಟೆ, ಎರಡು ಸಲವೂ ನೀನು ನಡುವೆ ಬಾಯಿ ಹಾಕಿದೆ. ಪಾದ್ರಿಗಳು ಸಭೆಗೆಂದು ನಿಮ್ಮೂರಿಗೆ ಬರುತ್ತಿದ್ದಾರೆ, ಇದನ್ನು ಅವರ ಕೈಯಲ್ಲಿ ಕಳಿಸುತ್ತೇನೆ. ಕೊನೆಯವರೆಗೆ ಓದು.

ಬಸುರಿಯರಿಗೆ ಬೈಕು ಕರೆಸುವ ನಿನ್ನ ಏರ್ಪಾಡು ಒಳ್ಳೆಯದೇ ಆಗಿತ್ತು. ಅದನ್ನು ಇಲ್ಲವೆನ್ನುವಷ್ಟು ನಾನು ಕೆಟ್ಟಿಲ್ಲ. ಅದಕ್ಕೆ ಮೊದಲು ಈ ದಿಬ್ಬದ ಹೆಂಗಸರು ನೋವು ಬಂದರೆ ನನಗೆ ಫೋನ್ ಮಾಡುತ್ತಿದ್ದರು. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. ನಿವೃತ್ತಿಯಾದ ಮೇಲೂ ಯಾರನ್ನು ಯಾರಿಗೆ ಜೋಡಿಸಬೇಕೆಂಬ ಚಟ ಬಿಡಲಿಲ್ಲ. ಬಾಡಿಗೆಗೆ ಬೋಡಾ ಬೈಕು ಓಡಿಸುವವರ ನಂಬರುಗಳೆಲ್ಲ ನನ್ನ ಪುಸ್ತಕದಲ್ಲಿದ್ದವು. ನೀನು ಬಂದು, 'ಅಮ್ಮಾ, ನೀನಿನ್ನು ಆರಾಮಾಗಿರು, ಇದನ್ನೆಲ್ಲ ಕಂಪ್ಯೂಟರ್ ನೋಡ್ಕೊಳ್ಳುತ್ತೆ' ಅಂದೆ. ಹಾಗೇ ಆಯಿತು. ಮೊಬೈಲಿನಲ್ಲಿ ಕೆಂಪು ಗುಂಡಿ ಒತ್ತಿದರೆ ಹತ್ತಿರದ ಬೈಕಿನವನ ಫೋನು ಬಡಿದುಕೊಳ್ಳುತ್ತಿತ್ತು. ಯಾವನೋ ಒಬ್ಬ ಹೆಂಗಸರ ನಂಬರ್ ಇಟ್ಟುಕೊಂಡು ಕಾಟ ಕೊಟ್ಟ ಮೇಲೆ ನೀನು ನಂಬರುಗಳನ್ನೇ ಮುಚ್ಚಿಟ್ಟೆ. ಅವರದು ನಮಗೆ ಗೊತ್ತಿಲ್ಲ, ನಮ್ಮದು ಅವರಿಗೆ ಗೊತ್ತಿಲ್ಲ. ಎರಡು ವರ್ಷದಲ್ಲಿ ನನ್ನ ಪುಸ್ತಕದ ನಂಬರುಗಳು ಒಂದೊಂದಾಗಿ ಸತ್ತವು, ಹೊಸದನ್ನು ಬರೆದಿಡುವುದನ್ನು ನಾನೂ ಬಿಟ್ಟೆ.

ಮೊದಲು ಆ ಕಂಪ್ಯೂಟರ್ ಇಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿತ್ತು. ಕರೆಂಟು ಹೋದಾಗಲೆಲ್ಲ ಅದೂ ಮಲಗುತ್ತಿತ್ತು, ನಿನಗೆ ಅದೇ ಕೊರಗು. ಕಳೆದ ಕ್ರಿಸ್‌ಮಸ್ಸಿಗೆ ಬಂದಾಗ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಒಂದು ಇಡೀ ಸರ್ವರನ್ನು ಬಾಡಿಗೆಗೆ ಹಿಡಿದಿದ್ದೇನೆ ಅಂದೆ. ವಠಾರದಲ್ಲಿ ನಾಲ್ಕು ಸಂಸಾರದ ಜೊತೆ ಇದ್ದ ಹಾಗಲ್ಲ, ನಮ್ಮೊಬ್ಬರಿಗೇ ಸ್ವತಂತ್ರ ಮನೆ ಇದ್ದ ಹಾಗೆ, ಕರೆಂಟು ಹೋಗುವ ಮಾತೇ ಇಲ್ಲ ಅಂದೆ. ನಾನು ಮೊದಲು ಕೇಳಿದ್ದು ಇಷ್ಟೇ: 'ಮನೆಯೇನೋ ಸರಿ, ಅಲ್ಲಿಗೆ ಹೋಗೋಕೆ ದಾರಿ ಎಷ್ಟಿವೆ?' ನೀನು ನಕ್ಕೆ. 'ಅಮ್ಮಾ, ಇದು ವೈರು ಎಳೆದು ಚುಚ್ಚೋ ನಿನ್ನ ಕಾಲದ ಬೋರ್ಡಲ್ಲ' ಅಂದೆ. ನೈರೋಬಿಯಲ್ಲೂ ಸಿಗುತ್ತಂತಲ್ಲ ಅಂದರೆ, ಅಲ್ಲಿನವು ಸಣ್ಣವು ಅಂದೆ. ಹಿತ್ತಲ ಗಿಡ ಮದ್ದಲ್ಲ, ಗೊತ್ತು. ಎಕ್ಸ್‌ಚೇಂಜಿನಲ್ಲಿ ನಮಗೆ ಮೊದಲ ದಿನವೇ ಕಲಿಸಿದ್ದರು: ಕಿಸುಮು ಲೈನ್ ಸತ್ತರೆ ಕಿಸೀ ಮೂಲಕ ಹಾಕು, ಕಿಸೀಯೂ ಸತ್ತರೆ ಸೈಕಲ್ಲಿನಲ್ಲಿ ಆಳು ಕಳಿಸು. ನೀನು ಹಾಕಿದ ದಾರಿಯಲ್ಲಿ, ಈ ದಿಬ್ಬದಲ್ಲಿ ಒಬ್ಬಳಿಗೆ ನೋವು ಬಂದರೆ ಆ ಸುದ್ದಿ ಮೊಂಬಾಸಾ ದಾಟಿ, ಸಮುದ್ರದಡಿಯ ಕೇಬಲ್ಲಿನಲ್ಲಿ ಯುರೋಪಿಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಕೆಳಗಿನ ರಸ್ತೆಗೆ ಬರಬೇಕು. ತಲೆ ಸುತ್ತಿ ಮೂಗು ಹಿಡಿದ ಹಾಗೆ. ಅಂದು ಇಷ್ಟನ್ನು ನಾನು ಬಾಯಿ ಬಿಟ್ಟು ಹೇಳಬೇಕಿತ್ತು, ನೀನು ಓದಿದವಳು ಎಂದು ಸುಮ್ಮನಾದೆ.

ಆ ಸೋಮವಾರ ಏನಾಯಿತು ಎಂದು ನೀನು ನನ್ನಿಂದ ಪೂರ್ತಿ ಕೇಳಿಯೇ ಇಲ್ಲ. ಅವೂರ್‌ಗೆ ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು. ಅವಳ ಗಂಡ ಜೋಯೆಲ್ ಮಿಗೋರಿಯ ಶಾಲೆಯಲ್ಲಿದ್ದ. ನಾವಿಬ್ಬರೂ ಒಮೆನ ಮೀನು ಒಣಗಲು ಹಾಕಿ ಕೂತಿದ್ದೆವು, ಮಧ್ಯಾಹ್ನ ಎರಡು ಗಂಟೆ. ನೋವು ಬಂತು. ಅವಳು ಕೆಂಪು ಗುಂಡಿ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು. 'ಬೈಕು ಹುಡುಕುತ್ತಿದ್ದೇವೆ. ಕಾಯಿರಿ. ಬೇರೆ ಏರ್ಪಾಡು ಮಾಡಿಕೊಳ್ಳಬೇಡಿ' ಎಂದು ಬರೆದಿತ್ತು, ಆ ಸಾಲು ನೀನೇ ಬರೆದದ್ದು. ಸಮುದ್ರದೊಳಗೆ ಕೇಬಲ್ ತುಂಡಾಗಿದೆ ಎಂದು ರೇಡಿಯೊದವರು ಹೇಳಿದ್ದು ಸಂಜೆಗೆ; ನಮಗೆ ಹೇಗೆ ಗೊತ್ತಾಗಬೇಕು? ನಾನು ಎದ್ದು ಹೊರಟರೆ ಅವೂರ್ ನನ್ನ ಬಟ್ಟೆಯ ಅಂಚು ಹಿಡಿದಳು. 'ಅಕ್ಕ ಮಾಡಿದ್ದಮ್ಮಾ ಅದು, ಬಂದೇ ಬರುತ್ತೆ, ಕೂತ್ಕೋ' ಅಂದಳು. ಹದಿನಾಲ್ಕು ಸಲ ಒತ್ತಿದಳು. ಐವತ್ತು ನಿಮಿಷ ಹೋಯಿತು. ರಕ್ತ ಕಂಡ ಮೇಲೆ ನಾನು ಈ ಮಂಡಿ ಎಳೆದುಕೊಂಡು ರಸ್ತೆಗೆ ಓಡಿದೆ. ಅತ್ತಿಮರದ ಕೆಳಗೆ ಬೋಡಾ ಓಡಿಸುವ ಓವಿತಿ ಬೈಕಿನ ಮೇಲೆ ಕೂತಿದ್ದ, ಫೋನು ಅಂಗೈಯಲ್ಲೇ ಇತ್ತು. ಜೊತೆಯವರಿಗೆ ಹೇಳುತ್ತಿದ್ದ: 'ಇವತ್ತು ಯಾರೂ ಹೆರೋ ಹಂಗೆ ಕಾಣ್ಸಲ್ಲ ಕಣ್ರೋ.' ಮನೆಯಿಂದ ಆ ಮರ ಕೂಗಳತೆಯ ದೂರ, ಅಕೋತ್. ನಾನು ಅಂಗಳದಲ್ಲಿ ಕೋಳಿ ಅಟ್ಟಿದರೆ ಅವನಿಗೆ ಕೇಳಿಸುತ್ತದೆ.

ಅವನು ಓಡಿಸಿದ, ಅವನ ಮೇಲೆ ತಪ್ಪಿಲ್ಲ. ಆಸ್ಪತ್ರೆಯ ನರ್ಸ್, 'ಅರ್ಧ ಗಂಟೆ ಮುಂಚೆ ತಂದಿದ್ರೆ' ಎಂದು ಶುರು ಮಾಡಿದವಳು ಅವೂರಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಗಂಡು ಮಗು. ಉಗುರುಗಳು ಪೂರ್ತಿ ಬಂದಿದ್ದವು. ಜೋಯೆಲ್ ಮರುದಿನ ಬಂದು ಮಗುವಿಗೆ ತಾನೇ ಗುಂಡಿ ತೋಡಿದ. ಓವಿತಿ ಈಗಲೂ ದಿನಾ ಬಂದು ಅಂಗಳದಲ್ಲಿ ನಿಲ್ಲುತ್ತಾನೆ. 'ಫೋನ್ ಬರ್ಲಿಲ್ಲಮ್ಮಾ, ದೇವರಾಣೆಗೂ ಬರ್ಲಿಲ್ಲ. ನಾನು ಇಲ್ಲೇ ಇದ್ನಲ್ಲಮ್ಮಾ' ಅನ್ನುತ್ತಾನೆ. ಅವನಿಗೆ ಟೀ ಕೊಟ್ಟು ಕಳಿಸುತ್ತೇನೆ.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ಅಂದು ಸಂಜೆ ಸುದ್ದಿ ಹೇಳಿದಾಗ ನೀನು ಅತ್ತೆ, ನನಗೂ ಕೇಳಿಸಿತು. ಆದರೆ ಅಳು ನಿಂತ ಮೇಲೆ ನಿನ್ನ ಬಾಯಿಂದ ಬಂದ ಮೊದಲ ಮಾತು, 'ಸರ್ವರ್ ಒಂದು ನಿಮಿಷವೂ ನಿಂತಿಲ್ಲಮ್ಮಾ, ನಾನು ನೋಡಿದೆ.' ಲೈನ್ ಬಂದ ಮೇಲೆ ಅದಕ್ಕೆ ಸಾಕ್ಷಿಯಾಗಿ ಒಂದು ಹಸಿರು ಗೆರೆಯ ಚಿತ್ರ ಕಳಿಸಿದೆ, ಅದೂ ತಂಗಿಗೆ. ಗಾಯಕ್ಕೆ ಉಪ್ಪು ಸವರುವುದನ್ನು ಬೇರೆಯವರಿಂದ ಕಲಿಯಬೇಕಿಲ್ಲ ನೀನು. ನಿನ್ನ ಯಂತ್ರ ನಿಂತಿರಲಿಲ್ಲ, ಒಪ್ಪಿದೆ. ಆರು ತಿಂಗಳಿಂದ ಹಗಲೂ ಇರುಳೂ ಎಚ್ಚರವಾಗಿ, ಯಾರೂ ಮುಟ್ಟಲಾಗದ ಕಡೆ ಅದು ಗುಂಯ್‌ಗುಡುತ್ತಿದೆ. ಅದನ್ನು ಹಿಡಿದುಕೊಂಡು ನಾವೇನು ಮಾಡೋಣ? ಮಣ್ಣಿಗೆ ಬಾ ಅಂದರೆ, ಇಂಥ ಹೊತ್ತಿನಲ್ಲಿ ಸರ್ವರ್ ಬಿಟ್ಟು ಬರಲಾಗದು ಅಂದೆ. ಅದು ಫ್ರಾಂಕ್‌ಫರ್ಟಿನಲ್ಲಿದೆ, ನೀನು ಕಿಗಾಲಿಯಲ್ಲಿದ್ದೀ. ನೀನು ಯಾವುದನ್ನು ಕಾಯುತ್ತಾ ಕೂತಿದ್ದೆ ಎಂದು ನನಗೆ ಇನ್ನೂ ತಿಳಿದಿಲ್ಲ.

ನಿನ್ನ ಮೇಲಷ್ಟೇ ನನಗೆ ಸಿಟ್ಟಿದ್ದರೆ ಈ ಕಾಗದ ಇನ್ನೂ ಸಲೀಸಾಗಿ ಬರೆಯಬಹುದಿತ್ತು. ಅಕೋತ್, ನಾನೂ ಕಾದೆ. ಬೋರ್ಡಿನ ಮುಂದೆ ಇಪ್ಪತ್ತೆಂಟು ವರ್ಷ ಕೂತು, ಆ ಕಡೆಯಿಂದ ಉತ್ತರ ಬಾರದಿದ್ದರೆ ಲೈನ್ ಸತ್ತಿದೆ ಎಂದು ಮೂರು ಸಲ ಗಂಟೆ ಬಾರಿಸುವಷ್ಟರಲ್ಲೇ ತಿಳಿಯುತ್ತಿದ್ದವಳು, ಐವತ್ತು ನಿಮಿಷ ಆ ಚಕ್ರ ನೋಡುತ್ತಾ ಕೂತೆ. ನನ್ನ ಮಗಳು ಮಾಡಿದ್ದು ಎಂಬ ಹೆಮ್ಮೆ ನನ್ನನ್ನು ಕೂರಿಸಿತು. ಅದಕ್ಕೆ ನನ್ನನ್ನು ನಾನೇ ಕ್ಷಮಿಸಿಕೊಂಡಿಲ್ಲ, ಆದ್ದರಿಂದ ನಿನ್ನನ್ನೂ ಕ್ಷಮಿಸಲು ನನಗೆ ಬರುತ್ತಿಲ್ಲ. ನೀನು ಮಾಡಬೇಕಾದ್ದು ಇಷ್ಟು. ಆ ಯಂತ್ರವನ್ನು ಬಿಟ್ಟು ಈ ದೇಶದಲ್ಲೇ ಒಂದನ್ನು ಹಿಡಿ, ಸಣ್ಣದಾದರೂ ಸರಿ, ಎರಡು ಬೇರೆ ಬೇರೆ ಕಂಪನಿಯ ಲೈನು ಎರಡು ಬೇರೆ ರಸ್ತೆಯಲ್ಲಿ ಬರುವಂಥದ್ದು. 'ಬೇರೆ ಏರ್ಪಾಡು ಮಾಡಿಕೊಳ್ಳಬೇಡಿ' ಎಂಬ ಸಾಲನ್ನು ಅಳಿಸು. ಒಂದು ನಿಮಿಷದೊಳಗೆ ಉತ್ತರ ಬಾರದಿದ್ದರೆ ಅಲ್ಲಿ ನನ್ನ ನಂಬರ್ ಬರಲಿ. ಓವಿತಿಯನ್ನು ಹಿಡಿದು ಎಲ್ಲ ಬೈಕಿನವರ ನಂಬರುಗಳನ್ನು ಮತ್ತೆ ಬರೆದುಕೊಳ್ಳುತ್ತಿದ್ದೇನೆ, ಹತ್ತೊಂಬತ್ತು ಆಗಿವೆ.

ದೇವರು ನಿನ್ನ ಉಸಿರು ಕಾಪಾಡಲಿ. ಊಟ ಬಿಡಬೇಡ. ಜೋಯೆಲ್ ನಿನ್ನನ್ನು ಕೇಳಿದ್ದಾನೆಂದು ಬರೆಯಲು ಕೈ ಹೋಯಿತು, ಆದರೆ ಅವನು ಕೇಳಿಲ್ಲ.

ನಿನ್ನ ಅಮ್ಮ,
ಡೊರ್ಸಿಲಾ

ಮತ್ತೊಂದು ಮಾತು. ಪಾದ್ರಿಗಳು ಬಾಗಿಲಲ್ಲಿ ನಿಂತಿದ್ದಾರೆ. ಅವೂರ್ ಸದಾ ಪಕ್ಕದಲ್ಲೇ ಇರುವುದರಿಂದ ಇದನ್ನು ಫೋನಿನಲ್ಲಿ ಹೇಳಲಾಗದು. ಲೈನ್ ಬಂದಾಗಿನಿಂದ ನಿನ್ನ ಸರ್ವರ್ ಬೆಳಿಗ್ಗೆ ಏಳಕ್ಕೆ ಅವಳಿಗೆ ಮೆಸೇಜು ಕಳಿಸುತ್ತಿದೆ. ಇವತ್ತಿನದು, 'ಅವೂರ್ ಅವರೇ, ಇನ್ನು ಹದಿನಾರು ದಿನ. ಮಗುವಿನ ಬಟ್ಟೆ ಚೀಲದಲ್ಲಿ ಇಟ್ಟಿರಾ?' ಅದನ್ನು ಅಳಿಸಿಹಾಕಲು ನನಗೆ ಬಿಡುವುದಿಲ್ಲ, ಓದಿ ಓದಿ ಇಡುತ್ತಾಳೆ. ಇವತ್ತು ಎದ್ದು ಹೋಗಿ ಚೀಲ ತೆಗೆದು ನೋಡಿದಳು. ಈಗ ಲೈನ್ ಬಹಳ ಚೆನ್ನಾಗಿದೆ, ಒಂದು ದಿನವೂ ತಪ್ಪಿಲ್ಲ. ಇದು ನಿನ್ನ ಕೈ ಸೇರುವ ಹೊತ್ತಿಗೆ ಹದಿನಾಲ್ಕಕ್ಕೆ ಬಂದಿರುತ್ತದೆ. ಉಳಿದದ್ದನ್ನು ಯಾವಾಗಲಾದರೂ ಮಾಡು, ಮೊದಲು ಆ ಸರ್ವರಿನಿಂದ ನಿನ್ನ ತಂಗಿಯ ಹೆಸರು ತೆಗೆ.