ಪೆಟ್ಟಿಗೆ ಹಿಡಿದ ಕೈ

ಸೇಲಂ, ಅಮ್ಮಾಪೇಟೆ
14-9-1973

ಪ್ರೀತಿಯ ಮಗಳು ಈಶ್ವರಿಗೆ,

ನೀನೂ ಪಾಪುವೂ ಹೇಗಿದ್ದೀರಿ? ಹರೂರಿನ ನೀರು ಪಾಪುವಿಗೆ ಒಗ್ಗಿತೆ? ಎರಡು ಹಲ್ಲು ಬಂದಿವೆ ಎಂದು ನಿನ್ನ ಸೋದರತ್ತೆ ರಾಮಕ್ಕ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ್ದಳು. ಅವಳ ಮೊಣಕಾಲು ನೋವು ಹೇಗಿದೆ, ಅದನ್ನೂ ತಿಳಿಸು. ನಾನು ಕ್ಷೇಮ, ಬಲಗಣ್ಣಿಗೆ ಕಟ್ಟು ಹಾಕಿದ್ದಾರೆ, ಅಷ್ಟೆ. ಈ ಕಾಗದದ ಅಕ್ಷರ ನನ್ನದಲ್ಲ ಎಂದು ಮೊದಲ ಸಾಲಿಗೇ ನಿನಗೆ ಗೊತ್ತಾಗಿರುತ್ತದೆ, ಯಾರದೆಂದೂ ಗೊತ್ತಾಗಿರುತ್ತದೆ. ಹರಿದು ಹಾಕಬೇಡ. ಬರೆಯುತ್ತಿರುವವನು ನಿನ್ನ ಗಂಡ ಕುಪ್ಪುಸ್ವಾಮಿ, ಆದರೆ ಮಾತೆಲ್ಲ ನನ್ನದು. ಬೆಂಗಳೂರಿನಲ್ಲಿ ಪೇಂಟ್ ಕೆಲಸ ಕಲಿಯುವಾಗ ಅಂಗಡಿ ಬೋರ್ಡು ನೋಡಿ ಕಲಿತ ಕನ್ನಡ ಅವನದು. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ನಡೆದದ್ದು ಹೇಳುತ್ತೇನೆ. ನೀನು ಹೋಗಿ ಎಂಟು ತಿಂಗಳಾದರೂ ಅವನು ಬಣ್ಣ ಹೊಡೆಯುವ ಆ ಶೆಡ್ಡಿನ ಕೆಲಸವನ್ನು ನಾನು ಬಿಟ್ಟಿಲ್ಲವೆಂದು ನಿನಗೆ ಬೇಸರವಿದೆ. ಮಗ್ಗಕ್ಕೆ ನೂಲು ಬರುವುದು ನಿಂತ ಮೇಲೆ ನನಗೆ ಬೇರೆ ಕೆಲಸ ಸಿಗಲಿಲ್ಲ. ಅಲ್ಲಿ ನನ್ನ ಕೆಲಸ ಪೆಟ್ಟಿಗೆ ಹಿಡಿಯುವುದು. ಪಂಪ್‌ಸೆಟ್ಟಿನ ಸ್ವಿಚ್ಚು ಕೂರಿಸುವ ತಗಡಿನ ಚಿಕ್ಕ ಪೆಟ್ಟಿಗೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಬಲು ಹಗುರ. ಹಲಗೆಯ ಮೇಲಿಟ್ಟು ಪೇಂಟ್ ಗನ್ ಒತ್ತಿದರೆ ಆ ಗಾಳಿಗೇ ಜಾರಿ ಉರುಳಿ, ಹಸಿ ಬಣ್ಣದ ಮುಖ ನೆಲದ ಮರಳಿಗೆ ಬೀಳುತ್ತದೆ. ಹಾಗಾಗಿ ಮುಚ್ಚಳವಿಲ್ಲದ ಕಡೆಯಿಂದ ಐದು ಬೆರಳು ಒಳಗೆ ತೂರಿಸಿ, ಅಗಲಿಸಿ, ಬಿಗಿಯಾಗಿ ಹಿಡಿದು ನಿಲ್ಲಬೇಕು. ಅವನು ಗನ್ ಆಡಿಸಿದ ಹಾಗೆ ನಾನು ತಿರುಗಿಸಬೇಕು. ದಿನಕ್ಕೆ ಇನ್ನೂರು ಪೆಟ್ಟಿಗೆ. ಮಣಿಕಟ್ಟಿನವರೆಗೆ ಬೂದು ಬಣ್ಣ. ತಿನ್ನರಿನಲ್ಲಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದು ಅನ್ನಕ್ಕೆ ವಾಸನೆ ಬರುತ್ತದೆ.

ಒಂದು ಮೊಳ ದೂರದಲ್ಲಿ ಎದುರುಬದುರು ನಿಂತು ಕೆಲಸ ಮಾಡಿದರೂ ಎಂಟು ತಿಂಗಳು ನಮ್ಮ ನಡುವೆ ಎರಡೇ ಮಾತು. "ತಿರುಗ್ಸು" ಎನ್ನುತ್ತಿದ್ದ, "ಸಾಕು" ಎನ್ನುತ್ತಿದ್ದ. ಪೊಂಗಲ್ ಹಿಂದಿನ ದಿನ ಅಡಿಗೆ ತಡವಾಯಿತೆಂದು, ಓಣಿಯ ನಾಲ್ಕು ಜನ ನೋಡುತ್ತಿರುವಾಗ ಅವನು ನಿನ್ನ ಕೆನ್ನೆಗೆ ಹೊಡೆದ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಈ ಸಾಲಿಗೆ ಬಂದಾಗ ಅವನ ಪೆನ್ನು ನಿಂತಿತು. ಬರಿ ಎಂದೆ. "ಆವತ್ತು ತಲೆ ಸಿಡೀತಾ ಇತ್ತು ಅಂತ ಸೇರಿಸ್ಲಾ ಮಾಮ?" ಎಂದು ಕೇಳಿದ. ಬೇಡ ಎಂದೆ. ಅವನು ಕೇಳಿದ್ದನ್ನೂ ನಾನು ಬೇಡವೆಂದದ್ದನ್ನೂ ಬರೆಯಲು ಹೇಳಿದ್ದೇನೆ. ಬರೆದಿದ್ದಾನೆ.

ಕಳೆದ ಮಂಗಳವಾರ ಮುಚ್ಚಳಗಳ ಸರದಿ. ಮುಚ್ಚಳದಲ್ಲಿ ಬೆರಳು ತೂರಿಸಲು ಜಾಗವಿಲ್ಲ, ಅಂಚಿನಲ್ಲೇ ಹಿಡಿಯಬೇಕು. ಬೆವರಿದ ಕೈಯಿಂದ ಒಂದು ಜಾರಿತು. ಅದನ್ನು ಹಿಡಿಯಲು ಬಗ್ಗಿದೆ. ಬಣ್ಣ ನೇರವಾಗಿ ಕಣ್ಣಿಗೆ ಬಿತ್ತು. ಕೆಂಡ ಇಟ್ಟ ಹಾಗಾಯಿತು. ಅವನು ಗನ್ನನ್ನು ಎಸೆದ ಸದ್ದು ಕೇಳಿತು. ನನ್ನನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಮಲಗಿಸಿ, ರೆಪ್ಪೆ ಬಿಡಿಸಿ ನೀರು ಬಿಡುತ್ತಲೇ ಇದ್ದ. ಶೆಡ್ಡಿನ ಮಾಲೀಕ, ಮೊದಲಾಳಿ ಅರುಣಾಚಲಂ ಬಂದು, "ಪಾತ್ತು ಪುಡಿಕ್ಕ ಕೂಡಾದಾ ಪೆರಿಯವರೇ?" ಎಂದರು, ನೋಡಿ ಹಿಡಿಯಬಾರದಿತ್ತೆ ಎಂದು. ಮೊದಲಾಳಿ ಎದುರು ಎಂದೂ ತಲೆ ಎತ್ತದ ಕುಪ್ಪುಸ್ವಾಮಿ, "ಮೊದಲ್ಲೆ ವಳಿ ವಿಡುಂಗ!" ಎಂದು ಕೂಗಿ, ದಾರಿ ಬಿಡಿಸಿಕೊಂಡು ರಿಕ್ಷಾ ಹತ್ತಿಸಿದ.

ಆಸ್ಪತ್ರೆಯಲ್ಲಿ ಔಷಧಿ ಹಾಕಿ ಕಟ್ಟಿದರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವನು, "ಮಾಮ, ನಂಗೆ ಒಂದ್ಸಲ ಬಯ್ಯಿ. ಎಂಟು ತಿಂಗ್ಳಿಂದ ಕಾಯ್ತಾ ಇವ್ನಿ, ನೀನು ಬಯ್ಯಲೇ ಇಲ್ಲ" ಎಂದ. "ಬಯ್ಯಬೇಕಾದೋಳು ಹರೂರಾಗೆ ಅವ್ಳೆ. ನಾನ್ಯಾಕೆ ಬಯ್ಯಲಿ?" ಎಂದೆ. ಅತ್ತನೋ ಇಲ್ಲವೋ ತಿಳಿಯದು, ಅವನು ಕೂತದ್ದು ಕಟ್ಟು ಕಟ್ಟಿದ ಕಣ್ಣಿನ ಕಡೆ. ನಿನಗೆ ಕಾಗದ ಬರೆಯಲೇ ಎಂದು ಆಮೇಲೆ ಕೇಳಿದ. ಅವನ ಮಾತು ಬೇಡ, ನಾನು ಹೇಳಿದ್ದು ಬರೆಯಲಿ ಎಂದೆ.

ಎರಡು ದಿನ ಅವನು ಗನ್ ಮುಟ್ಟಲಿಲ್ಲವಂತೆ. ಹಳೆಯ ಸೈಕಲ್ ಚಕ್ರದ ನಡುವಿನ ತಿರುಗುವ ಹಬ್ ಅನ್ನು ಹಲಗೆಗೆ ನಿಲ್ಲಿಸಿ, ಅದರ ಮೇಲೆ ಬಗ್ಗಿಸಿದ ನಾಲ್ಕು ಉಕ್ಕಿನ ಪಟ್ಟಿ ಕೂರಿಸಿದ್ದಾನೆ. ಪೆಟ್ಟಿಗೆಯನ್ನು ಮೇಲಿಂದ ಒತ್ತಿದರೆ ಪಟ್ಟಿಗಳು ಒಳಗಿನಿಂದ ಬಿಗಿಯಾಗಿ ಹಿಡಿಯುತ್ತವೆ. ಮುಚ್ಚಳಕ್ಕೆ ಬೇರೆ ಕೊಕ್ಕೆ. ಒಂದು ಕೈಯಲ್ಲಿ ತಿರುಗಿಸಿಕೊಂಡು ಇನ್ನೊಂದು ಕೈಯಲ್ಲಿ ಬಣ್ಣ ಹೊಡೆಯಬಹುದು. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಚೆನ್ನಾಗಿದೆ. ನನ್ನ ಕೈ ಇನ್ನು ಅಲ್ಲಿ ಬೇಡ. ಹೊರಗೆ ಬೇವಿನ ನೆರಳಲ್ಲಿ ತಗಡಿನ ತುಕ್ಕು ತೆಗೆಯಲು ಉಪ್ಪುಕಾಗದ ಉಜ್ಜುವ ಕೆಲಸ ಕೊಡುವುದಾಗಿ ಮೊದಲಾಳಿ ಹೇಳಿದ್ದಾರೆ.

ಇನ್ನೇನಿಲ್ಲ. ಅವನು ನಿನ್ನನ್ನು ನೋಡಲು ಬರಬಹುದೇ ಎಂದು ಕೇಳುತ್ತಾನೆ. ಕರೆದರೆ ಮಾತ್ರ ಬರುತ್ತಾನಂತೆ. ಉತ್ತರ ನನಗೆ ಬರೆ. ಪಾಪುವಿನ ಕೆನ್ನೆಗೆ ನನ್ನ ಮುತ್ತು ಕೊಡು. ರಾಮಕ್ಕನಿಗೆ ಅಣ್ಣನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ ಅಪ್ಪ,
ಅಣ್ಣಯ್ಯಪ್ಪ

ತಾ.ಕ. ಅವನು ಸ್ಟಾಂಪ್ ತರಲು ಹೋಗಿದ್ದಾನೆ. ಇದು ನಾನೇ ಒಂದು ಕಣ್ಣಲ್ಲಿ ಬರೆಯುತ್ತಿರುವುದು, ಸಾಲು ಸೊಟ್ಟ. ನನ್ನ ಕಣ್ಣಿಗೆಂದು ಓಡಿ ಬರಬೇಡ, ವಾಸಿಯಾಗುತ್ತದೆ ಎಂದಿದ್ದಾರೆ ಡಾಕ್ಟರು. ಮುದುಕನನ್ನು ಆಸ್ಪತ್ರೆಗೆ ಹೊತ್ತವನು ಹೆಂಡತಿಗೆ ಮತ್ತೆ ಹೊಡೆಯಲಾರ ಎಂದು ನಾನು ಜಾಮೀನು ನಿಲ್ಲಲಾರೆ. ನನಗೆ ಗೊತ್ತಿಲ್ಲ. ಆವತ್ತು ನೀನು ಪಾಪುವನ್ನು ಎತ್ತಿಕೊಂಡು ಮೊದಲು ಬಂದದ್ದು ನನ್ನ ಬಾಗಿಲಿಗೆ. ಗಂಡನ ಮನೆಗೆ ತಿರುಗಿ ಹೋಗು ಎಂದೆ. ನೀನು ಹಾಗೇ ಬಸ್ ಸ್ಟ್ಯಾಂಡಿಗೆ ನಡೆದೆ. ಅದು ನನ್ನ ತಪ್ಪು ಈಶ್ವರಿ. ಮಗ್ಗ ಬಿಚ್ಚಿಸಿ ಆ ಕೋಣೆ ಖಾಲಿ ಮಾಡಿದ್ದೇನೆ, ಅದು ನಿನಗೆ. ಅವನ ಹತ್ತಿರ ಹೋಗುವುದು ಬಿಡುವುದು ಆಮೇಲೆ. ಬೀಗದ ಕೈ ಪಕ್ಕದ ಮನೆ ಲಕ್ಷ್ಮಕ್ಕನ ಹತ್ತಿರ ಇಟ್ಟಿದ್ದೇನೆ. ಅವನಿಗೆ ಕೊಟ್ಟಿಲ್ಲ.